ಮಾತಿನ ಪಕ್ಕದಲ್ಲಿ ನಿಂತ ಮನುಷ್ಯ

ಚೀನೀ ಭಾಷೆಯಲ್ಲಿ 'ಶಿನ್' ಎಂದು ಉಚ್ಚರಿಸುವ ಅಕ್ಷರವೊಂದಿದೆ. ಬರೆಯಲು 9 ಗೆರೆಗಳು ಬೇಕು. ಎಡಗಡೆಯ 2 ಗೆರೆ ಸೇರಿದರೆ ಮನುಷ್ಯ. ಬಲಗಡೆಯ 7 ಗೆರೆ ಸೇರಿದರೆ ಮಾತು. ಅದರ ಬುಡದಲ್ಲಿರುವ ಚೌಕವೇ ಬಾಯಿ. ಮನುಷ್ಯನೂ ಮಾತೂ ಅಕ್ಕಪಕ್ಕ ನಿಂತಾಗ ಹುಟ್ಟುವ ಅರ್ಥ ನಂಬಿಕೆ, ಪ್ರಾಮಾಣಿಕತೆ.

ಕ್ರಿ.ಶ. 100ರಲ್ಲಿ ಶೂ ಶೆನ್ ಎಂಬ ವಿದ್ವಾಂಸ ರಚಿಸಿದ ನಿಘಂಟು ಈ ಅಕ್ಷರವನ್ನು ಹೀಗೆಯೇ ಬಿಡಿಸಿ ತೋರಿಸುತ್ತದೆ. ಈಗಿನ ಹಲವು ಭಾಷಾತಜ್ಞರಿಗೆ ಇದು ಒಪ್ಪಿಗೆಯಿಲ್ಲ. ಎಡಭಾಗ ಮೂಲದಲ್ಲಿ ಉಚ್ಚಾರದ ಸುಳಿವು ಮಾತ್ರ ಎನ್ನುತ್ತಾರೆ ಅವರು. ಚೀನೀ ಅಕ್ಷರಗಳಲ್ಲಿ ಹೆಚ್ಚಿನವು ಅರ್ಥಕ್ಕೊಂದು, ಧ್ವನಿಗೊಂದು ಭಾಗ ಸೇರಿ ಆದಂಥವು. ನಂಬಿಕೆಯ ಅಕ್ಷರದ ಕಥೆ ಹೇಳುವಾಗ ಈ ತಕರಾರನ್ನು ಮುಚ್ಚಿಡುವುದು ತರವಲ್ಲ. ಆದರೆ ಶೂ ಶೆನ್‌ನ ವಿವರಣೆ 1,900 ವರ್ಷ ಬಾಳಿದೆ. ನಂಬಿಕೆಯೆಂದರೆ ಆಡಿದ ಮಾತಿನ ಪಕ್ಕದಲ್ಲಿ ಆಡಿದವನು ನಿಂತಿರುವುದು ಎಂದು ಅಷ್ಟು ತಲೆಮಾರುಗಳು ಓದಿಕೊಂಡಿವೆ. ಅದೇನು ಸಣ್ಣ ಸಂಗತಿಯೇ?

ಇದೇ ಅಕ್ಷರ ಬರುವ ಹಳೆಯ ಸಂಭಾಷಣೆಯೊಂದಿದೆ. ರಾಜ್ಯ ನಡೆಸಲು ಏನೇನು ಬೇಕೆಂದು ಜಿಗೊಂಗ್ ಎಂಬ ಶಿಷ್ಯ ಕನ್‌ಫ್ಯೂಷಿಯಸ್‌ನನ್ನು ಕೇಳುತ್ತಾನೆ. ಅನ್ನ, ಸೈನ್ಯ ಮತ್ತು ಜನರ ನಂಬಿಕೆ ಎಂಬ ಉತ್ತರ ಬರುತ್ತದೆ. ಒಂದನ್ನು ಬಿಡಲೇಬೇಕಾದರೆ? ಸೈನ್ಯವನ್ನು ಬಿಡು ಎನ್ನುತ್ತಾನೆ ಗುರು. ಇನ್ನೊಂದನ್ನೂ ಬಿಡಬೇಕಾದರೆ? ಅನ್ನವನ್ನು. ಸಾವು ಯಾರನ್ನೂ ಬಿಟ್ಟಿಲ್ಲ, ನಂಬಿಕೆ ಕಳೆದುಕೊಂಡ ರಾಜ್ಯವಂತೂ ನಿಲ್ಲಲಾರದು ಎಂಬುದು ಅವನ ವಾದ. ಹಸಿದವರ ಎದುರು ಇದು ಕಠೋರವಾಗಿ ಕೇಳಿಸುತ್ತದೆ. ಆದರೆ ಬರಗಾಲದಲ್ಲಿ ಉಳಿದ ಧಾನ್ಯವನ್ನು ಹಂಚಲಿಕ್ಕೂ ಹಂಚುವವನ ಮೇಲೆ ನಂಬಿಕೆ ಬೇಕಲ್ಲವೇ?

ಬಳಕೆಯಲ್ಲಿ ಈ ಅಕ್ಷರ ಬಹುದೂರ ನಡೆದಿದೆ. ಸಾಲ ಹುಟ್ಟುವ ಯೋಗ್ಯತೆ 'ಶಿನ್‌ಯೋಂಗ್'. ಕ್ರೆಡಿಟ್ ಕಾರ್ಡಿನ ಹೆಸರಿನಲ್ಲೂ ಅದೇ ಪದವಿದೆ. ದಾರಿ ತಪ್ಪಿದ ನಂಬಿಕೆ 'ಮಿಶಿನ್', ಅಂದರೆ ಮೂಢನಂಬಿಕೆ. ನಮ್ಮ ಮಾತುಗಳೂ ಹೀಗೆಯೇ ಅಲೆದಿವೆ. ಅರಬಿಯ ಈಮಾನ್, ಅಮಾನತ್, ಅಮೀನ್ ಒಂದೇ ಧಾತುವಿನ ಮಕ್ಕಳು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡ ಪತ್ರಿಕೆಗಳಲ್ಲೋ, ಅಧಿಕಾರಿಯನ್ನು ಕೆಲಸದಿಂದ ದೂರವಿಟ್ಟರೆ ಅದು 'ಅಮಾನತು'!

'ಶಿನ್'ನ ಇನ್ನೊಂದು ಅರ್ಥ ನಮ್ಮನ್ನು ಹೆಚ್ಚು ಕಾಡಬೇಕು. ಒಂದು ಕಾಲಕ್ಕೆ ಅದು ಸುದ್ದಿ ಹೊತ್ತು ತರುವ ದೂತನನ್ನು ಸೂಚಿಸುತ್ತಿತ್ತು. ಬರಬರುತ್ತಾ ದೂತ ಮರೆಯಾಗಿ, ಅವನ ಕೈಯ ಪತ್ರಕ್ಕೇ ಆ ಹೆಸರು ಉಳಿಯಿತು. ಇಂದು ಮೊಬೈಲಿನ ಎಸ್ಸೆಮ್ಮೆಸ್ ಕೂಡ 'ದ್ವಾನ್‌ಶಿನ್', ಅಂದರೆ ಚಿಕ್ಕ ಪತ್ರ.

ದೂತನಿಗೆ ಮುಖವಿತ್ತು. ಸುದ್ದಿ ಸುಳ್ಳಾದರೆ ಹಿಡಿದು ಕೇಳಲು ಒಬ್ಬನಿದ್ದ. ಕೈಯಿಂದ ಕೈಗೆ ದಾಟಿ ನಮ್ಮ ಮೊಬೈಲಿಗೆ ಬಂದು ಬೀಳುವ ಸಂದೇಶಗಳಲ್ಲಿ ಮಾತಿದೆ, ಅದರ ಪಕ್ಕದ ಮನುಷ್ಯನಿಲ್ಲ. ಒಂದು ಊರಿನ ನೆಮ್ಮದಿ ಕೆಡಿಸಲು ಅಂಥ ಒಂದೇ ಮಾತು ಸಾಕು. 'ನಾನು ಹೇಳಿದ್ದಲ್ಲ, ಬಂದದ್ದನ್ನು ಕಳಿಸಿದೆ' ಎನ್ನುವವನು ಪಾರಾಗಲಾರ. ಕಳಿಸಿದ ಕ್ಷಣದಿಂದ ಅವನೇ ಅದರ ದೂತ. ಬೆರಳು ಒತ್ತುವ ಮುನ್ನ ನಮ್ಮನ್ನು ನಾವು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಮಾತಿನ ಪಕ್ಕದಲ್ಲಿ ನಾನು ನಿಲ್ಲಬಲ್ಲೆನೇ?