ಕ್ಲಾಸು ಎಷ್ಟು ಹೊತ್ತಿಗೆ?

ಪ್ರಾಂಶುಪಾಲರ ಹೆಸರು ಕಾಲೇಜಿನ ಗೋಡೆಯ ಫಲಕದಲ್ಲಿ ಉಳಿಯುತ್ತದೆ. ಅವರು ಹಾಕಿದ ವೇಳಾಪಟ್ಟಿಯನ್ನು ಯಾರೂ ನೆನೆಯುವುದಿಲ್ಲ. ಮುಂಬಯಿಯ ಜೋಗೇಶ್ವರಿಯಂಥ ಉಪನಗರಕ್ಕೆ ಮಾತ್ರ ಆ ವೇಳಾಪಟ್ಟಿಯೇ ಮುಖ್ಯ. ಇಲ್ಲಿಂದ ಕಾನೂನು ಕಾಲೇಜಿರುವ ಚರ್ಚ್‌ಗೇಟಿಗೆ ಸ್ಲೋ ಲೋಕಲ್‌ನಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು. ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ದುಡಿಯುತ್ತಲೇ ವಕೀಲನಾಗಬೇಕೆನ್ನುವ ಹುಡುಗ ಫೀಸಿಗೂ ಮೊದಲು ಕೇಳುವುದು, ಕ್ಲಾಸು ಎಷ್ಟು ಹೊತ್ತಿಗೆ ಅಂತ.

ಈ ಪ್ರಶ್ನೆ ಚೆನ್ನಾಗಿ ಗೊತ್ತಿದ್ದ ಪ್ರಾಂಶುಪಾಲರೊಬ್ಬರು ಮುಂಬಯಿಯಲ್ಲಿದ್ದರು. ಡಾ. ಬಿ.ಆರ್. ಅಂಬೇಡ್ಕರ್. ಸಂವಿಧಾನದ ದೊಡ್ಡ ಕೀರ್ತಿಯ ಮುಂದೆ ಅವರ ಮೇಷ್ಟರುಗಿರಿ ಮರೆತೇಹೋಗಿದೆ. ಬ್ಯಾರಿಸ್ಟರ್ ಆಗಿ ಬಂದರೂ ಕಕ್ಷಿದಾರರು ಸಾಲದೆ, ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಪಾಠ ಹೇಳಿದವರು ಅವರು. 1855ರಲ್ಲಿ ಶುರುವಾದ ಸರ್ಕಾರಿ ಕಾನೂನು ಕಾಲೇಜಿಗೆ 1935ರ ಜೂನ್‌ನಲ್ಲಿ ಪ್ರಾಂಶುಪಾಲರಾದರು. ಮರುವರ್ಷ ಮುಂಬಯಿ ಪ್ರಾಂತದ ಕಾನೂನು ಶಿಕ್ಷಣದ ಸುಧಾರಣೆ ಕುರಿತು ಕಾಲೇಜಿನ ಪತ್ರಿಕೆಯಲ್ಲಿ ಲೇಖನ ಬರೆದರು. ಕಾಯಿದೆಯ ಕಲಮುಗಳನ್ನು ಬಲ್ಲರೆ ಸಾಲದು, ವಕೀಲನಿಗೆ ಲೋಕಜ್ಞಾನ ಬೇಕು, ಯೋಚನೆ ಸ್ಪಷ್ಟವಿರಬೇಕು, ಹೇಳುವುದನ್ನು ಅಡಕವಾಗಿ ಹೇಳಲು ಬರಬೇಕು ಎಂಬುದು ಅವರ ವಾದ. 1938ರಲ್ಲಿ ಆ ಹುದ್ದೆ ಬಿಟ್ಟರು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, ಮರುವರ್ಷವೇ ಸಿದ್ಧಾರ್ಥ ಕಾಲೇಜು ಕಟ್ಟಿದರು. ದುಡಿಯುವವರು ಕಚೇರಿಗೆ ಹೋಗುವ ಮುನ್ನ ಪಾಠ ಮುಗಿಯಲೆಂದು ಅಲ್ಲಿ ಬೆಳಗಿನ ತರಗತಿಗಳು. ಅವರು ತೀರಿಕೊಂಡ 1956ರಲ್ಲೇ ಆ ಸೊಸೈಟಿಯ ಕಾನೂನು ಕಾಲೇಜೂ ಬಂತು.

ನಮ್ಮ ಬೆಂಗಳೂರು ಹಿಡಿದದ್ದು ಬೇರೆ ದಾರಿ. ಎನ್.ಆರ್. ಮಾಧವ ಮೆನನ್ ಕಟ್ಟಿದ ನ್ಯಾಷನಲ್ ಲಾ ಸ್ಕೂಲಿನಲ್ಲಿ 1988ರಲ್ಲಿ ಪಾಠ ಶುರುವಾಯಿತು: ಪಿಯುಸಿ ಮುಗಿಸಿ ಬಂದವರಿಗೆ ಐದು ವರ್ಷದ ಪೂರ್ಣಾವಧಿ ಓದು, ಹಾಸ್ಟೆಲ್ ವಾಸ, ವರ್ಷಕ್ಕೆ ಮೂರು ಅವಧಿ. ಕಾನೂನಿನ ಜೊತೆಗೆ ಸಮಾಜಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ. 1936ರಲ್ಲಿ ಅಂಬೇಡ್ಕರ್ ಬಯಸಿದ್ದ ವಕೀಲ ಒಂದು ರೀತಿಯಲ್ಲಿ ತಯಾರಾದದ್ದು ಇಲ್ಲೇ. ಬೇರೇನೂ ಸಿಗದವರು ಓದುವ ವಿಷಯ ಎಂಬ ಹೆಸರು ಹೊತ್ತಿದ್ದ ಕಾನೂನಿಗೆ ಮಾನ ತಂದುಕೊಟ್ಟವರು ಮೆನನ್. ಅದರಲ್ಲಿ ಎರಡು ಮಾತಿಲ್ಲ. ಬಡವರಿಗೆ ಕಾನೂನು ನೆರವು ಸಿಗಬೇಕೆಂಬ ಕಾಳಜಿಯೂ ಅವರಿಗೆ ಗಾಢವಾಗಿತ್ತು. ಆದರೆ ಸಂಬಳ ಬಿಟ್ಟು ಐದು ವರ್ಷ ಹಾಸ್ಟೆಲಿನಲ್ಲಿರಬಲ್ಲ ಹುಡುಗ ಯಾರ ಮನೆಯವನು?

ಬಾರ್ ಕೌನ್ಸಿಲ್ಲಿನ 2008ರ ನಿಯಮಗಳ ಮೇಲೂ ಇದೇ ಪೂರ್ಣಾವಧಿ ಓದಿನ ಛಾಯೆ. ವಸತಿಯಿಲ್ಲದ ಕಾನೂನು ಕಾಲೇಜುಗಳೂ ಬೆಳಿಗ್ಗೆ 8ರಿಂದ ಸಂಜೆ 7ರೊಳಗೇ ಪಾಠ ಮುಗಿಸಬೇಕು. ಗುಣಮಟ್ಟ ಕಾಪಾಡಲೆಂದೇ ಮಾಡಿದ ನಿಯಮ, ಸರಿ. ಆದರೆ ರಾತ್ರಿಶಾಲೆಯಲ್ಲಿ ಎಸ್‌ಎಸ್‌ಸಿ ಮುಗಿಸಿ ಮೇಲೆ ಬಂದ ಮುಂಬಯಿ ಕನ್ನಡಿಗರ ಒಂದು ತಲೆಮಾರೇ ಇದೆ. ಅವರಲ್ಲಿ ಯಾರಿಗಾದರೂ ಈ ನಿಯಮ ಓದಿ ಹೇಳಿದರೆ ನಕ್ಕಾರು. ಎಂಟರಿಂದ ಏಳು ಅಂದರೆ ಹೋಟೆಲಿನ ಡ್ಯೂಟಿ ಟೈಮು.