ಅವ್ವನ ಬುದ್ಧಿ ಅಳೆಯುವವರು ಯಾರು?

"ನೂರರಿಂದ ಏಳೇಳು ಕಳೀತಾ ಹೋಗು. ಒಂದು ವಾಕ್ಯ ಬರಿ." 1975ರಲ್ಲಿ ಅಮೆರಿಕದವರು ಮಾಡಿದ, ಡಾಕ್ಟರುಗಳು ಇಂದಿಗೂ ಬಳಸುವ ಮರೆವಿನ ಪರೀಕ್ಷೆ ಕೇಳೋದು ಇಂಥದನ್ನು. ಸ್ಲೇಟು ಮುಟ್ಟಗೊಡದ ಊರಲ್ಲಿ ಬಾಳಿದ ನಮ್ಮವ್ವಂದಿರು ತಲೆ ನೆಟ್ಟಗಿದ್ದಾಗಲೂ ಇಲ್ಲಿ ಫೇಲು. ಅವರ ಬುದ್ಧಿ ಇದ್ದದ್ದು ಎಸರಿಗೆ ಹಾಕೋ ಹಿಟ್ಟಿನ ಹದದಲ್ಲಿ, ಕೂಲಿ ಚಿಲ್ಲರೆಯ ಎಣಿಕೆಯಲ್ಲಿ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಕ್ಷರ ಬಾರದ ಮುದುಕರ ನಡುವೆ ಕೆಲಸ ಮಾಡಿದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಳತೆ ಬೇರೆ: ದಿನದ ಕೆಲಸ ಹೇಗೆ ನಡೀತದೆ ಅಂತ ಮನೆಯವರನ್ನೇ ಕೇಳೋದು.

ಡಿಮೆನ್ಷಿಯಾ ಸಾಮಾನ್ಯವಾಗಿ ಮೊದಲು ಕಸಿಯೋದು ದುಡ್ಡಿನ ಲೆಕ್ಕ, ಅಡುಗೆ, ಆಮೇಲೆ ಸ್ನಾನ, ಸೀರೆ ಉಡೋದು, ಕೊನೆಗೆ ತುತ್ತು. ನಾವೋ, 'ಅರಳುಮರಳು' ಅಂತ ನಕ್ಕು ಸುಮ್ಮನಾಗ್ತೇವೆ. ದುಡಿಯೋ ಕೈಯೇ ಮನುಷ್ಯನ ಬೆಲೆ ಅಂತ ಕೂಗಿದವರು ನಾವು. ಒಲೆ ಹಚ್ಚೋದೇ ಮರೆತ ಅವ್ವನ ಮುಂದೆ ಆ ಘೋಷಣೆ ಕೂಗಬಲ್ಲೆವೆ?