ಕಾಯಕದಲ್ಲಿ ವಿರಾಮ

ಕಾಯಕದ ನಡುವೆ ಕೈ ನಿಲ್ಲಿಸುವುದು ನಿಷ್ಠೆಗೆ ಕುಂದೇ? ಇಳಕಲ್ಲಿನ ಕುಣಿಮಗ್ಗದ ನೇಕಾರನನ್ನು ನೋಡಿರಿ. ಕಾಲುಗಳು ಕುಣಿಯೊಳಗೆ ಮಣೆಗಳನ್ನು ತುಳಿಯುತ್ತಿರುವುವು. ಕೈ ಲಾಳಿಯನ್ನು ಹಾಯಿಸುತ್ತಿರುವುದು. ಬೆನ್ನು ಬಾಗಿ, ಕತ್ತು ತಗ್ಗಿ, ಕಣ್ಣು ಎಳೆಯಲ್ಲಿ ನಟ್ಟಿರುವುದು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಬಿಗಿದಿರುವ ಸ್ನಾಯುವಿನಲ್ಲಿ ರಕ್ತಸಂಚಾರ ಕುಗ್ಗಿ ನೋವು ಹುಟ್ಟುವುದು. ಇಟಲಿಯ ವೈದ್ಯ ರಮಜ್ಜಿನಿಯು ಕಸಬುದಾರರ ರೋಗಗಳನ್ನು ಕುರಿತು 1700ರಲ್ಲಿಯೇ ಗ್ರಂಥ ಬರೆದು, ಕುಳಿತು ದುಡಿಯುವವರ ಬಾಧೆಗಳನ್ನು ವಿವರಿಸಿದನು.

ಇದಕ್ಕೆ ಪರಿಹಾರ ಮಲಗುವುದಲ್ಲ, ಚಲಿಸುವುದು. ಆಗಾಗ ಎದ್ದು, ನಾಲ್ಕು ಹೆಜ್ಜೆ ನಡೆದು, ತೋಳು ಚಾಚಿ, ಬೆನ್ನು ನೆಟ್ಟಗೆ ಮಾಡಿ, ನೀರು ಕುಡಿದು ಬರಲು ಎರಡು ಮೂರು ನಿಮಿಷ ಸಾಕು.

ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ನಿಮಿಷವೂ ಅನ್ನವಲ್ಲವೇ ಎಂದು ಶಂಕಿಸಬಹುದು. ದಿಟ. ಆದರೆ ನೊಂದ ಕೈ ಎಳೆ ತಪ್ಪಿಸುವುದು. ಬೆನ್ನು ಕುಸಿದರೆ ಮಗ್ಗವೇ ನಿಲ್ಲುವುದು. ಆದುದರಿಂದ ನೂಲು ಕೊಟ್ಟು ಸೀರೆ ಪಡೆಯುವ ಧನಿಕನು ಈ ವಿರಾಮವನ್ನೂ ಕೂಲಿಯಲ್ಲಿ ಎಣಿಸತಕ್ಕದ್ದು. ಅದು ದಾಸೋಹಕ್ಕೂ ಮೊದಲಿನ ಧರ್ಮ. ಪತಿ ಮಾರಯ್ಯನು ತಂದ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಶಿವಶರಣೆ ಲಕ್ಕಮ್ಮನು ತೋರಿದ ಅಳತೆಯೂ ಇದೇ: ಕಾಯಕಕ್ಕೆ ಅಗತ್ಯವೇ ಮೇರೆ, ಆಸೆಯಲ್ಲ.

ಇಷ್ಟಲಿಂಗವನ್ನು ಧರಿಸಿದ ದೇಹವನ್ನು ಜಜ್ಜಿ ಕೆಡಿಸುವುದು ಭಕ್ತಿಯಾಗದು. ಆಲಸ್ಯವು ಕಾಯಕವನ್ನು ಮರೆಯುವುದು. ವಿರಾಮವು ಕಾಯಕಕ್ಕೆ ಮರಳುವುದು. ಎದ್ದವನು ಮತ್ತೆ ಲಾಳಿ ಹಿಡಿದನಾದರೆ ಅವನ ನಿಷ್ಠೆಗೆ ಎಳೆಯಷ್ಟೂ ಕೊರತೆಯಿಲ್ಲ.